ಸೋಗಿನ ಕಾಳಗದಲ್ಲಿ ನಿಜವೂ ನ್ಯಾಯವೂ

ಮನೆಯಲ್ಲಿ ನಾಲ್ಕು ಮಕ್ಕಳು ಕೂಡಿದರೆಂದರೆ ಕುರುಕ್ಷೇತ್ರವು ತಾನಾಗಿಯೇ ಸಿದ್ಧವಾಗುವದು. ಇದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಬೇಸಿಗೆಯ ರಜೆ ಬಂದಿತೆಂದರೆ ಚಿಕ್ಕೋಡಿಯ ನಮ್ಮ ಮನೆಗೆ ಅಥಣಿಯಿಂದ ಮಗಳ ಮಕ್ಕಳಿಬ್ಬರೂ ನಿಪ್ಪಾಣಿಯಿಂದ ತಮ್ಮನ ಮೊಮ್ಮಗನೂ ಬರುತ್ತಾರೆ. ಓಣಿಯ ಹುಡುಗರು ಅವರನ್ನು ಕೂಡಿಕೊಳ್ಳುತ್ತಾರೆ. ಹೋದ ವರ್ಷದ ರಜೆಯಲ್ಲಿ ಹಿತ್ತಲಿನ ತೊಗರಿಕಟ್ಟಿಗೆಯೇ ಕತ್ತಿಯಾಗಿ, ಅಡಿಗೆಮನೆಯ ಮುಚ್ಚಳವೇ ಢಾಲಾಗಿ ಘೋರವಾದ ಯುದ್ಧವೊಂದು ನಡೆಯಿತು. ಮೂರನೆಯ ದಿನ ಓಣಿಯ ಹುಡುಗನೊಬ್ಬನಿಗೆ ಹುಬ್ಬಿನ ಮೇಲೆ ಪೆಟ್ಟು ಬಿದ್ದು ಎರಡು ಹೊಲಿಗೆ ಹಾಕಿಸಬೇಕಾಯಿತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು.

ಹೊಡೆದವನು ಹದಿಮೂರು ವರ್ಷದ ನಮ್ಮ ಹಿರಿಯ ಮೊಮ್ಮಗನೇ. ಅವನು ಸ್ವಭಾವದಿಂದ ಕ್ರೂರಿಯಲ್ಲ; ಬೆಕ್ಕಿನ ಮರಿಗೆ ಹಾಲು ಹಾಕದೆ ತಾನು ಕುಡಿಯುವವನಲ್ಲ. ಗದರಿಸಿ ಕೇಳಿದಾಗ ಅವನು ಅಳುತ್ತ ಹೇಳಿದ ಮಾತು ಇದು: "ಅಂವಾ ಸತ್ತೇನಂತ ಒಪ್ಪಲೇ ಇಲ್ಲ ಅಜ್ಜಾ. ಮೂರು ಸಲ ಕೊಂದೆ, ಮೂರು ಸಲಾನೂ ಎದ್ದು ಬಂದ. ಕಡೀಕ ಜೋರಲೆ ಹೊಡದೆ."

ಹುಡುಗನಿಗೆ ಶಿಕ್ಷೆಯಾಯಿತು, ಓಣಿಯ ಮನೆಗೆ ಹೋಗಿ ನಾವು ಕ್ಷಮೆ ಬೇಡಿಯೂ ಬಂದೆವು. ಆದರೆ ಆ ಮಾತು ಮಾತ್ರ ನಮ್ಮ ಕಿವಿಯನ್ನು ಬಿಡಲಿಲ್ಲ. ಸೋಗಿನ ಕಾಳಗದಲ್ಲಿ ಪೆಟ್ಟು ಸುಳ್ಳು. ಆದ್ದರಿಂದ ಅದು ಬಿದ್ದಿತೋ ಇಲ್ಲವೋ ಎಂಬದಕ್ಕೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದಲ್ಲಿ ಒಬ್ಬನು ಒಪ್ಪುವದಿಲ್ಲ; ಒಪ್ಪದಿದ್ದರೆ ಇನ್ನೊಬ್ಬನು ಪೆಟ್ಟನ್ನು ನಿಜಮಾಡಲು ಹೊರಡುತ್ತಾನೆ. ಹುಬ್ಬು ಒಡೆದದ್ದು ಕಟ್ಟಿಗೆಯಿಂದಲ್ಲ, ಕಟ್ಟಳೆಯಿಲ್ಲದ್ದರಿಂದ.

ಈ ವರ್ಷ ಕಟ್ಟಿಗೆಗಳನ್ನೆಲ್ಲ ಅಟ್ಟಕ್ಕೆ ಹಾಕಿದೆವು. ಮಕ್ಕಳು ಕುಳಿತು ಆಡುವ ಆಟವೊಂದನ್ನು ತಂದರು. ದೊಡ್ಡ ಊರುಗಳಲ್ಲಿ ಇದು ಈಗ ಬಳಕೆಯಲ್ಲಿದೆಯಂತೆ. ಪ್ರತಿಯೊಬ್ಬನೂ ಒಬ್ಬ ವೀರನ ಸೋಗು ತಾಳುವನು. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುವನು. ವೀರನು ಏನು ಮಾಡುವನೆಂಬದನ್ನು ಆಟಗಾರನು ಬಾಯಿಂದ ಹೇಳುವನು. ಅದು ಕೈಗೂಡಿತೋ ತಪ್ಪಿತೋ ಎಂಬದನ್ನು ದಾಳ ಹೇಳುವದು. ಕಾಗದ, ಸೀಸದ ಕಡ್ಡಿ, ದಾಳ, ಇಷ್ಟೇ ಸಾಮಗ್ರಿ. ನಮ್ಮ ಹುಡುಗರು ಇದನ್ನು ಭಾರತಕ್ಕೆ ಹೊಂದಿಸಿಕೊಂಡರು. ಹಿರಿಯವನು ಅರ್ಜುನನಾದನು. ಅವನ ತಂಗಿ, ಒಂಬತ್ತು ವರ್ಷದವಳು, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಕೊಂಡ ತಗಡಿನ ಗದೆಯನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದಳಾದ್ದರಿಂದ ಭೀಮನಾದಳು. ನಿಪ್ಪಾಣಿಯವನು ಕತ್ತಿ ಹಿಡಿದ ನಕುಲ. ರಕ್ತಪಾತವಿಲ್ಲದ ಆಟವೆಂದು ನಾವು ಸಂತೋಷಪಟ್ಟೆವು.

ಆ ಸಂತೋಷ ಒಂದು ಮಧ್ಯಾಹ್ನ ಸಹ ನಿಲ್ಲಲಿಲ್ಲ. ಭೀಮನು ಮುಂದೆ ಬಂದಾಗಲೆಲ್ಲ ಅರ್ಜುನನು "ನಾ ನೂರು ಮಾರು ದೂರ ಅದೇನಿ, ನೀ ಬರೂದರಾಗ ಬಾಣ ನಟ್ಟು ಬಿದ್ದಿ" ಎನ್ನುತ್ತಿದ್ದನು. ಆ ಮಾತು ಸುಳ್ಳಲ್ಲ. ಬಯಲಿನಲ್ಲಿ ಬಿಲ್ಲುಗಾರನ ಎದುರಿಗೆ ಗದೆ ಹಿಡಿದು ಓಡುವವನ ಗತಿ ಅದೇ. ಆದರೆ ನಾಲ್ಕನೆಯ ಸಲ ಸತ್ತ ಮೇಲೆ ಭೀಮನು ಗದೆಯನ್ನು ಅಂಗಳದಲ್ಲಿ ಒಗೆದು ಅಜ್ಜಿಯ ಬಳಿ ಅವರೆಕಾಯಿ ಸುಲಿಯಲು ಹೋಗಿ ಕುಳಿತನು. ಮರುದಿನ ಕರೆದರೂ ಬರಲಿಲ್ಲ. ಆ ಮೇಲೆ ಪಂಚಾಯಿತಿಯು ನಮ್ಮ ಪಾಲಿಗೆ ಬಂದಿತು.

ಶಸ್ತ್ರವು ಶಸ್ತ್ರದಂತೆಯೂ ಇರಬೇಕು, ಆಟವು ನ್ಯಾಯದಿಂದಲೂ ನಡೆಯಬೇಕು. ಈ ಎರಡು ಕೂಡುವದು ಹೇಗೆ? ಸಂಸ್ಕೃತ ಓದಿದವರಿಗೆ ಮೊದಲು ನೆನಪಾಗುವದು ಭರತಮುನಿಯ ನಾಟ್ಯಶಾಸ್ತ್ರ. ರಂಗದ ಮೇಲೆ ಶಸ್ತ್ರ ಹಿಡಿಯುವ ರೀತಿಗಳು ಆ ಗ್ರಂಥದಲ್ಲಿ ನಾಲ್ಕು: ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕ. ಭಾರತದಲ್ಲಿ ಪೆಟ್ಟು ಸೊಂಟಕ್ಕೆ, ಸಾತ್ವತದಲ್ಲಿ ಕಾಲಿಗೆ, ವಾರ್ಷಗಣ್ಯದಲ್ಲಿ ಎದೆಗೆ, ಕೈಶಿಕದಲ್ಲಿ ತಲೆಗೆ. ಈ ನಾಲ್ಕು ರೀತಿಗಳಿಗೆ ಮುನಿಯು ಇಟ್ಟ ಹೆಸರೇ 'ನ್ಯಾಯ'! ಕಾಳಗವು ಯಾವ ಕ್ರಮದಿಂದ ನಡೆಯುವದೋ ಅದು ನ್ಯಾಯ. ಇದರ ಸಂಗಡವೇ ಕಟ್ಟಪ್ಪಣೆಯೊಂದಿದೆ: ರಂಗದಲ್ಲಿ ಚುಚ್ಚಕೂಡದು, ಕಡಿಯಕೂಡದು, ರಕ್ತ ಸುರಿಯಕೂಡದು, ಪೆಟ್ಟು ಮೈಗೆ ಬೀಳಲೇಕೂಡದು, ಎಲ್ಲವೂ ಸಂಜ್ಞೆಯಿಂದ ನಡೆಯಬೇಕು. ಆಯುಧಗಳ ಅಳತೆಯನ್ನೂ ಗ್ರಂಥವು ಬಿಟ್ಟಿಲ್ಲ. ಬಿಲ್ಲು ಎಂಟು ತಾಲ, ಗದೆ ನಾಲ್ಕು ತಾಲ, ಕತ್ತಿ ನಾಲ್ವತ್ತು ಅಂಗುಲ. ಅಂದರೆ ನೋಡುವವನ ಕಣ್ಣಿಗೆ ಗದೆಯು ಗದೆಯೇ ಆಗಿರಬೇಕು. ಆದರೆ ಕಬ್ಬಿಣದ್ದಾಗಿ ನಟನ ತೋಳನ್ನು ಮುರಿಯಬಾರದು. ಆದ್ದರಿಂದ ಬಿದಿರು, ಬಟ್ಟೆ, ಅರಗು, ಮೇಣ ಮುಂತಾದ ಹಗುರಾದ ವಸ್ತುಗಳು.

ಶಾಸ್ತ್ರ ಓದದವರೂ ನಮ್ಮ ಸೀಮೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ. ದೊಡ್ಡಾಟದ ಅಟ್ಟದ ಮೇಲೆ ಭುಜಕೀರ್ತಿ, ಎದೆಕಟ್ಟು, ಕಿರೀಟ ಕಟ್ಟಿದ ಇಬ್ಬರು ವೀರರು ಎದುರಾದರೆ ಹಲಿಗೆಗಳು ನಡುಗುತ್ತವೆ. ಭಾಗವತನ ತಾಳ ಏರಿದಂತೆ ಹೆಜ್ಜೆ ಏರುತ್ತದೆ, ಕತ್ತಿಗೆ ಕತ್ತಿ ತಾಗುತ್ತದೆ, ಸುತ್ತು ಬರುತ್ತಾರೆ, ಹುಂಕರಿಸುತ್ತಾರೆ. ಬೆಳಗಿನ ಜಾವದಲ್ಲಿ ತೂಕಡಿಸುತ್ತಿದ್ದ ಮುದುಕರು ಸಹ ಕಣ್ಣು ತೆರೆಯುತ್ತಾರೆ. ಅಷ್ಟು ಆರ್ಭಟವಾದರೂ ಯಾರ ಚರ್ಮಕ್ಕೂ ಗೀರು ಬೀಳುವದಿಲ್ಲ.

ಹಾಗಾದರೆ ದೊಡ್ಡಾಟದ ಕಟ್ಟಳೆಯನ್ನೇ ಹುಡುಗರಿಗೆ ಹೇಳಿಕೊಟ್ಟರಾಯಿತೆಂದು ನಾವು ಮೊದಲು ಎಣಿಸಿದೆವು. ಎರಡು ದಿನ ಯೋಚಿಸಿದ ಮೇಲೆ ನಮ್ಮ ತಪ್ಪು ನಮಗೇ ಹೊಳೆಯಿತು. ದೊಡ್ಡಾಟದಲ್ಲಿ ಕರ್ಣನು ಬೀಳತಕ್ಕವನೆಂಬದು ಕರ್ಣನ ಪಾತ್ರಧಾರಿಗೂ ಗೊತ್ತು, ಅರ್ಜುನನಿಗೂ ಗೊತ್ತು, ಕಂಬಳಿ ಹೊದ್ದು ಕುಳಿತ ಜನಕ್ಕೂ ಗೊತ್ತು. ಸೋಲುವವನಿಗೆ ಅನ್ಯಾಯವಾಯಿತೆಂದು ಯಾರೂ ಜಗಳ ತೆಗೆಯುವದಿಲ್ಲ. ಸೊಗಸಾಗಿ ಬಿದ್ದ ಕರ್ಣನಿಗೇ ಆಯೇರಿ ಹೆಚ್ಚು. ಅಲ್ಲಿ ಬೇಕಾದದ್ದು ನಿಜದ ಹೋಲಿಕೆಯೊಂದೇ. ಕುಸ್ತಿಯ ಕಣದಲ್ಲಿಯೋ ಇದರ ತಿರುವು: ಅಲ್ಲಿ ಸೋಗಿಲ್ಲ, ಕಥೆಯಿಲ್ಲ, ಯಾರು ಗೆಲ್ಲುವರೋ ತಿಳಿಯದು, ಆದುದರಿಂದ ನ್ಯಾಯವೇ ಸರ್ವಸ್ವ. ಮಕ್ಕಳ ಸೋಗಿನ ಆಟವು ಎರಡರ ನಡುವೆ ಹುಟ್ಟಿದ ಕೂಸು. ಅದಕ್ಕೆ ಅಟ್ಟದ ಸೋಗೂ ಬೇಕು, ಕಣದ ನ್ಯಾಯವೂ ಬೇಕು. ತಂಟೆಯೆಲ್ಲ ಇಲ್ಲಿಯೇ.

ಕಣದ ನ್ಯಾಯವು ಸಾಕ್ಷಿಯಿಂದ ಹುಟ್ಟುವದು. ನಿಪ್ಪಾಣಿಯಿಂದ ಕೊಲ್ಲಾಪುರ ಹೆಚ್ಚು ದೂರವಲ್ಲ. ಆ ಕಡೆಯ ಮರ್ದಾನಿ ಖೇಳದ ದಾಂಡಪಟ್ಟಾ, ಬಡಿಗೆವರಸೆಗಳನ್ನು ನಮ್ಮ ಗಡಿಯ ಜನರು ಬಲ್ಲರು. ಮೊಳಕೈವರೆಗೆ ಕಬ್ಬಿಣದ ಕವಚದಲ್ಲಿ ಸೇರಿಕೊಂಡ ಉದ್ದವಾದ ಬಳುಕುವ ಅಲಗನ್ನು ಬೀಸುವವನ ಸುತ್ತ ನಾಲ್ಕು ಮಾರು ಜಾಗ ತಾನಾಗಿಯೇ ತೆರವಾಗುವದು. ಅದು ಪ್ರದರ್ಶನದ ಮಾತಾಯಿತು. ಇಬ್ಬರು ಎದುರೆದುರು ಆಡಬೇಕಾದಲ್ಲಿ ಅಲಗನ್ನು ಇಟ್ಟು ಫರಿ-ಗದಗಾ ಹಿಡಿಯುವರು, ಅಂದರೆ ತೊಗಲು ಹೊದಿಸಿದ ಕೋಲು ಮತ್ತು ತೊಗಲಿನ ಕಿರಿಯ ಢಾಲು. ಇನ್ನು ಬೋಥಾಟಿಯೆಂಬ ಭರ್ಚಿಯಾಟದ ಯುಕ್ತಿಯಂತೂ ಬಹಳ ಚಂದ. ಹತ್ತು ಅಡಿಯ ಬಿದಿರಿನ ತುದಿಗೆ ಬಟ್ಟೆಯ ಚೆಂಡು ಕಟ್ಟಿ ಅದನ್ನು ಬಣ್ಣದಲ್ಲಿ ಅದ್ದುವರು. ತಾಗಿದರೆ ಅಂಗಿಯ ಮೇಲೆ ಕಲೆ. 'ನನಗೆ ಬಿದ್ದೇ ಇಲ್ಲ' ಎನ್ನುವ ಬಾಯಿಗೆ ಬೀಗ! ಪಾಶ್ಚಾತ್ಯರು ತಮ್ಮ ಖಡ್ಗಕ್ರೀಡೆಯಲ್ಲಿ ಇದೇ ಸಾಕ್ಷಿಯನ್ನು ವಿದ್ಯುತ್ತಿನಿಂದ ಹೇಳಿಸುತ್ತಾರೆ. ಎಪೇ ಎಂಬ ಕತ್ತಿಗೆ 1936ರ ಬರ್ಲಿನ್ ಒಲಿಂಪಿಕ್ಕಿನಲ್ಲಿ ತಂತಿ ಜೋಡಿಸಿದರು. ತುದಿ ಒತ್ತಿದ ಕೂಡಲೆ ದೀಪ ಹತ್ತುವದು. ಇಬ್ಬರೂ ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲಿನೊಳಗೆ ಚುಚ್ಚಿದರೆ ಇಬ್ಬರಿಗೂ ಪೆಟ್ಟು. ಅಮೇರಿಕೆಯಲ್ಲಿ 1966ರಲ್ಲಿ ಆರಂಭವಾದ ಒಂದು ಮಂಡಲದವರು ಹಳೆಯ ಕಾಲದ ಸರದಾರರ ವೇಷದಲ್ಲಿ ಬೆತ್ತದ ಕತ್ತಿಗಳಿಂದ ಕಾದುತ್ತಾರೆ. ಅಲ್ಲಿ ತಂತಿಯೂ ಇಲ್ಲ, ಬಣ್ಣವೂ ಇಲ್ಲ. ಪೆಟ್ಟು ಸರಿಯಾಗಿ ಬಿದ್ದಿತೆಂದು ಪೆಟ್ಟು ತಿಂದವನೇ ಹೇಳಬೇಕು. ಹೋದ ವರ್ಷ ನಮ್ಮ ಹಿತ್ತಲಲ್ಲಿ ಕೆಟ್ಟುಹೋದದ್ದು ಇದೇ ಕಟ್ಟಳೆ. ಪ್ರಾಯದವರು ಅದನ್ನು ಪಾಲಿಸಬಹುದು. ಹತ್ತು ವರ್ಷದ ಹುಡುಗನಿಂದ 'ಸತ್ತೆ' ಎಂದು ಹೇಳಿಸುವದು ಯಮಧರ್ಮನಿಗೂ ಕಷ್ಟ.

ಸಾಕ್ಷಿಯಾಯಿತು. ಇನ್ನು ಸಮಾನತೆಯ ಮಾತು. ಇದರಲ್ಲಿ ನಮ್ಮ ಪೂರ್ವಿಕರು ಪಟ್ಟ ಪಾಡು ಸಣ್ಣದಲ್ಲ. ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮೊದಲು ಎರಡೂ ಕಡೆಯವರು ಒಪ್ಪಂದ ಮಾಡಿಕೊಳ್ಳುತ್ತಾರೆ: ರಥಿಕನೊಡನೆ ರಥಿಕನೇ, ಆನೆಯವನೊಡನೆ ಆನೆಯವನೇ, ಕಾಲಾಳಿನೊಡನೆ ಕಾಲಾಳೇ ಕಾದತಕ್ಕದ್ದು, ಬೇರೊಬ್ಬನೊಡನೆ ತೊಡಗಿದವನನ್ನು, ಆಯುಧ ಕಳೆದುಕೊಂಡವನನ್ನು ಹೊಡೆಯತಕ್ಕದ್ದಲ್ಲ. ಆ ಒಪ್ಪಂದವು ಎಷ್ಟು ದಿನ ನಡೆಯಿತೆಂಬದು ಎಲ್ಲರಿಗೂ ಗೊತ್ತಿದೆ. ಶಲ್ಯಪರ್ವದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು: ಅಲ್ಲಿ ನ್ಯಾಯವೇ ಅತಿಯಾಗುತ್ತದೆ. ಮಡುವಿನಿಂದ ಎದ್ದು ಬಂದ ದುರ್ಯೋಧನನಿಗೆ ಧರ್ಮರಾಜನು 'ನಮ್ಮೈವರಲ್ಲಿ ಬೇಕಾದವನನ್ನು, ಬೇಕಾದ ಆಯುಧವನ್ನು ಆರಿಸಿಕೋ. ಗೆದ್ದರೆ ರಾಜ್ಯ ನಿನ್ನದು' ಎಂದುಬಿಡುತ್ತಾನೆ. ಇದು ಎರಡನೆಯ ಜೂಜೆಂದು ಕೃಷ್ಣನು ಸಿಟ್ಟಾದದ್ದು ಸುಮ್ಮನಲ್ಲ. ದುರ್ಯೋಧನನು ಕಬ್ಬಿಣದ ಭೀಮನನ್ನು ಮಾಡಿಸಿ ಹದಿಮೂರು ವರ್ಷ ಅದರ ಮೇಲೆ ಗದೆಯನ್ನು ಸಾಧಿಸಿದವನು. ಅವನು ನಕುಲನನ್ನು ಕರೆದಿದ್ದರೆ ಏನಾಗುತ್ತಿತ್ತು? ಮಾತಿನಲ್ಲಿ ಇಬ್ಬರಿಗೂ ಒಂದೇ ಕಟ್ಟಳೆ. ಕಣದಲ್ಲಿ ಒಬ್ಬನಿಗೆ ಮರಣ. ಈ ಗದಾಯುದ್ಧವನ್ನೇ ಕನ್ನಡದಲ್ಲಿ ಮಹಾಕಾವ್ಯವಾಗಿಸಿದ ರನ್ನನು ಮುಧೋಳದವನು, ನಮ್ಮ ನೆರೆಯವನೇ ಎಂಬದನ್ನು ಇಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ.

ಅಥಣಿ, ಕಾಗವಾಡ, ರಾಯಬಾಗದ ಕಡೆಗೆ ಜೈನ ಗೃಹಸ್ಥರು ಬಹಳ. ಅವರ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಕಥೆ ಭರತ-ಬಾಹುಬಲಿಯರದು. ಎರಡು ಸೈನ್ಯಗಳು ಎದುರಾದಾಗ ಮಂತ್ರಿಗಳು ನಡುವೆ ಬಂದು, ಇಷ್ಟು ಜನರ ಪ್ರಾಣವೇಕೆ, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ತೀರಿಸಿಕೊಳ್ಳಲಿ ಎನ್ನುತ್ತಾರೆ. ಶಸ್ತ್ರವೇ ಇಲ್ಲ, ಇದಕ್ಕಿಂತ ನ್ಯಾಯವಾದ ಕಾಳಗವು ಮತ್ತೊಂದಿದೆಯೆ? ಆದರೆ ಜಿನಸೇನಾಚಾರ್ಯರ ಆದಿಪುರಾಣದ ಅಳತೆಯನ್ನು ನೋಡಿರಿ. ಭರತನ ಎತ್ತರ 500 ಧನುಸ್ಸು, ಬಾಹುಬಲಿಯದು 525. ಕಣ್ಣಿಗೆ ಕಣ್ಣಿಟ್ಟು ನೋಡುವಾಗ ಭರತನು ಮೇಲೆ ನೋಡಬೇಕು. ನೀರು ಎರಚಿದರೆ ಅವನ ನೀರು ತಮ್ಮನ ಎದೆಯವರೆಗೆ, ತಮ್ಮನ ನೀರು ಅವನ ಮುಖಕ್ಕೆ. ಶಸ್ತ್ರವನ್ನು ತೆಗೆದುಹಾಕಿದರೂ ಇಪ್ಪತ್ತೈದು ಧನುಸ್ಸಿನ ಉದ್ದವು ತಾನೇ ಶಸ್ತ್ರವಾಗಿ ನಿಂತಿತು. ಕಟ್ಟಳೆ ಮಾಡಿದ ಮಂತ್ರಿಗಳು ಅದನ್ನು ಅಳೆದಿರಲಿಲ್ಲ.

ನಾವೂ ಅಳೆಯದೆಯೇ ಕಟ್ಟಳೆ ಮಾಡಿದೆವೆಂಬದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಹಿರಿಯ ಮೊಮ್ಮಗನಿಂದ ಈ ಆಟದ ಪೂರ್ವೋತ್ತರವನ್ನು ಕೇಳಿ, ನಾವೂ ಸ್ವಲ್ಪ ಓದಿದೆವು. ದಾಳದಿಂದ ಯುದ್ಧ ತೀರಿಸುವ ಪದ್ಧತಿಯನ್ನು 1824ರಲ್ಲಿ ಪ್ರಶಿಯಾದ ರೈಸ್ವಿಟ್ಸ್ ಎಂಬ ಸೈನ್ಯಾಧಿಕಾರಿಯು ತನ್ನವರ ಶಿಕ್ಷಣಕ್ಕಾಗಿ ಪುಸ್ತಕರೂಪದಲ್ಲಿ ತಂದನು. ನಕಾಶೆ, ದಾಳ, ನಡುವೆ ಒಬ್ಬ ಪಂಚ. ಆ ವಂಶದಲ್ಲಿಯೇ 1974ರಲ್ಲಿ ಅಮೇರಿಕೆಯ ಗೈಗ್ಯಾಕ್ಸ್, ಆರ್ನೆಸನ್ ಎಂಬಿಬ್ಬರು ಸೋಗಿನ ಆಟವನ್ನು ಅಚ್ಚು ಹಾಕಿಸಿದರು. ಅವರ ಮೊದಲ ಪುಸ್ತಕದಲ್ಲಿ ಚೂರಿಯಾಗಲಿ ದೊಡ್ಡ ಕತ್ತಿಯಾಗಲಿ, ಬಿದ್ದ ಪೆಟ್ಟಿಗೆ ಒಂದೇ ಅಳತೆ: ಆರು ಮುಖದ ದಾಳವೊಂದು. ಮರುವರ್ಷವೇ, 1975ರಲ್ಲಿ, ಪುರವಣಿ ತೆಗೆದು ಒಂದೊಂದು ಆಯುಧಕ್ಕೆ ಒಂದೊಂದು ದಾಳ ಗೊತ್ತುಮಾಡಿದರು. ನ್ಯಾಯದಿಂದ ಹೊರಟವರನ್ನು ನಿಜವು ಒಂದೇ ವರ್ಷದಲ್ಲಿ ಎಳೆದುಕೊಂಡಿತು. ಮನುಷ್ಯಸ್ವಭಾವವೇ ಹಾಗೆ, ಗದೆ ಹಿಡಿದವನಿಗೆ ತನ್ನ ಗದೆ ಗದೆಯಂತೆ ಬೀಳದಿದ್ದರೆ ಆಟವೇ ರುಚಿಸದು.

ಆದ್ದರಿಂದ ನಾವು ಹಾಕಿದ ಕಟ್ಟಳೆ ಹೀಗಿತ್ತು. ಅಜ್ಜಿಯ ಕವಡಿಗಳು ಸಮನಾಗಿ ಬೀಳುವದಿಲ್ಲವಾದ್ದರಿಂದ ಅವನ್ನು ಬಿಟ್ಟು, ಒಂದೇ ಅಚ್ಚಿನ ಒಂದು ರೂಪಾಯಿಯ ನಾಲ್ಕು ನಾಣ್ಯಗಳನ್ನು ತೆಗೆದುಕೊಂಡೆವು. ನಾಲ್ಕನ್ನೂ ಕೂಡಿಸಿ ಎಸೆದರೆ ಸಿಂಹದ ಮುಖ ಎಷ್ಟು ಮೇಲಾಗುವದೆಂಬದೇ ಫಲ. ಈ ಲೆಕ್ಕವು ಛಂದಸ್ಸು ಕಲಿತವನಿಗೆ ಕರತಲಾಮಲಕ. ನಾಲ್ಕು ಅಕ್ಷರದ ಪಾದದಲ್ಲಿ ಗುರುಲಘುಗಳ ಪ್ರಸ್ತಾರ ಹದಿನಾರು. ಅವುಗಳಲ್ಲಿ ಗುರುವೇ ಇಲ್ಲದ್ದು 1, ಒಂದು ಗುರುವಿನದು 4, ಎರಡರದು 6, ಮೂರರದು 4, ನಾಲ್ಕರದು 1. ಪಿಂಗಳನ ಸೂತ್ರಕ್ಕೆ ಹತ್ತನೆಯ ಶತಮಾನದ ಹಲಾಯುಧನು ವ್ಯಾಖ್ಯಾನ ಬರೆದು ವಿವರಿಸಿದ ಮೇರುಪ್ರಸ್ತಾರವು ಇದೇ. ಗುರುವಿನ ಸ್ಥಾನದಲ್ಲಿ ಸಿಂಹವನ್ನಿಟ್ಟರಾಯಿತು. ಇಷ್ಟು ವರ್ಷ ಪಾಠ ಹೇಳಿದ ಮೇರುವು ಮಕ್ಕಳ ಜಗಳಕ್ಕೆ ಉಪಯೋಗಬೀಳುವದೆಂದು ನಾವು ಕನಸಿನಲ್ಲಿಯೂ ನೆನೆದಿರಲಿಲ್ಲ.

ಕತ್ತಿಯು ಹಗುರು, ಬೇಗ ತಾಗುವದು, ಸಣ್ಣ ಗಾಯ ಮಾಡುವದು. ಎರಡು ಅಥವಾ ಮೂರು ಸಿಂಹ ಬಿದ್ದರೆ ಕತ್ತಿ ತಾಗಿತು. ಎದುರಿನವನ ಪ್ರಾಣದಿಂದ ಎರಡು ಹುಣಸೆಬೀಜ ತೆಗೆಯತಕ್ಕದ್ದು. ಗದೆಯು ಭಾರ; ಹತ್ತರಲ್ಲಿ ಏಳು ಸಲ ಗಾಳಿಗೆ ಹೋಗುವದು, ತಾಗಿದರೆ ಎಲುಬು ಮುರಿಯುವದು. ಮೂರು ಅಥವಾ ನಾಲ್ಕು ಸಿಂಹ ಬಿದ್ದರೆ ಗದೆ ತಾಗಿತು, ನಾಲ್ಕು ಬೀಜ. ಹದಿನಾರು ಎಸೆತಗಳಲ್ಲಿ ಕತ್ತಿಯು ಹತ್ತು ಸಲ ತಾಗಿ ಇಪ್ಪತ್ತು ಬೀಜ ತೆಗೆಯುವದು. ಗದೆಯು ಐದು ಸಲ ತಾಗಿ ಇಪ್ಪತ್ತೇ ಬೀಜ ತೆಗೆಯುವದು. ಒಬ್ಬೊಬ್ಬರ ಪ್ರಾಣ ಹತ್ತು ಬೀಜ. ಶಸ್ತ್ರದ ಗುಣವೂ ಉಳಿಯಿತು, ತೂಕವೂ ಸಮನಾಯಿತೆಂದು ನಾವು ಮೀಸೆ ತಿರುವಿದೆವು. ನಿಪ್ಪಾಣಿಯ ಹುಡುಗನು ಒಂದು ಆಕ್ಷೇಪ ತೆಗೆದನು: "ನಾಲ್ಕೂ ಸಿಂಹ ಬಿದ್ದರ ಕತ್ತಿ ತಪ್ಪತೈತಿ ಅಂದರ ಹೆಂಗ ಅಜ್ಜಾ?" ಅತಿಯಾಗಿ ಬೀಸಿದ್ದರಿಂದ ಕೈ ಜಾರಿತೆಂದು ಹೇಳಿ ಬಾಯಿ ಮುಚ್ಚಿಸಿದೆವು. ವಾಚಕರ ಮುಂದೆ ಸತ್ಯ ಹೇಳುವದಾದರೆ, ಅದು ಲೆಕ್ಕ ಕೂಡಿಸುವ ಸಲುವಾಗಿ ನಿಜವನ್ನು ಸ್ವಲ್ಪ ಬಗ್ಗಿಸಿದ್ದು. ಹದಿನಾರರಲ್ಲಿ ಒಂದು ಸಲದ ಸುಳ್ಳನ್ನು ಮಕ್ಕಳು ಕ್ಷಮಿಸುವರು. ನಾಲ್ಕು ಸಲದ ಸೋಲನ್ನು ಕ್ಷಮಿಸುವದಿಲ್ಲ.

ಮೊಮ್ಮಗಳನ್ನು ಒಲಿಸಿ ಕರೆತಂದೆವು. ಎರಡು ದಿನ ಆಟ ನಡೆಯಿತು. ಭೀಮನು ಮತ್ತೆ ಸೋಲುತ್ತ ಬಂದನು! ಯಾವಾಗಲೂ ಅಲ್ಲ, ಆದರೆ ಗೆಲವಿಗಿಂತ ಸೋಲು ಹೆಚ್ಚು. ನಾವು 'ಅದೃಷ್ಟ' ಎಂದೆವು. ಹುಡುಗಿ ಅದೃಷ್ಟವನ್ನು ನಂಬುವ ಜಾತಿಯವಳಲ್ಲ. ಮೂರನೆಯ ದಿನ ಸಂಜೆಗೆ ಬೀಜಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಮ್ಮ ಕುರ್ಚಿಯ ಬಳಿ ಬಂದಳು. "ಅಜ್ಜಾ, ನಾ ಎರಡು ಸಲ ಹೊಡದರ ಎಂಟು ಬೀಜ ಹೋದುವು. ಮೂರನೇ ಸಲ ಹೊಡದರ ಎರಡೇ ಉಳದಾವ. ನನ್ನ ನಾಲ್ಕರಾಗ ಎರಡು ಸುಮ್ಮನ ಹಾಳಾತು. ಅಂವಂದು ಒಂದೂ ಹಾಳಾಗೂದಿಲ್ಲ."

ನಾವು ಕನ್ನಡಕ ತೆಗೆದು ಒರೆಸಿಕೊಂಡು ಲೆಕ್ಕ ಮಾಡಿದೆವು. ಹುಡುಗಿಯ ಮಾತು ಅಕ್ಷರಶಃ ಸರಿ. ಹತ್ತು ಬೀಜ ತೀರಿಸಲು ಕತ್ತಿಗೆ ಐದು ಪೆಟ್ಟು ಬೇಕು. ಸರಾಸರಿ 8 ಎಸೆತ. ಗದೆಗೆ ಮೂರು ಪೆಟ್ಟು ಬೇಕು; ಸರಾಸರಿ 9.6 ಎಸೆತ. ನಾವು ಶಸ್ತ್ರಗಳನ್ನು ತೂಗಿದ್ದೆವು, ಪ್ರಾಣವನ್ನು ತೂಗಿರಲಿಲ್ಲ. ಭರತ-ಬಾಹುಬಲಿಯರ ಮಂತ್ರಿಗಳನ್ನು ಆಕ್ಷೇಪಿಸಿದ ಬಾಯಿ ನಮ್ಮದೇ! ಪ್ರಾಣವನ್ನು ಹನ್ನೆರಡು ಬೀಜಕ್ಕೆ ಏರಿಸಿದೆವು. ಈಗ ಕತ್ತಿಗೆ ಆರು ಪೆಟ್ಟು, ಗದೆಗೆ ಮೂರು. ಇಬ್ಬರಿಗೂ ಸರಾಸರಿ 9.6 ಎಸೆತ. ಕತ್ತಿಯವನದು ಹೆಚ್ಚು ಏರಿಳಿತವಿಲ್ಲದ ಕಾಳಗ. ಗದೆಯವನು ಒಮ್ಮೆ ಮೂರೇ ಎಸೆತದಲ್ಲಿ ಮುಗಿಸುವನು, ಒಮ್ಮೆ ಇಪ್ಪತ್ತಾದರೂ ಗಾಳಿಯನ್ನೇ ಹೊಡೆಯುವನು. ಇದು ಆಯಾ ಶಸ್ತ್ರದ ಸ್ವಭಾವಕ್ಕೂ ಒಪ್ಪುವದು. ಆ ರಾತ್ರಿ ಊಟದಲ್ಲಿ ಹುಡುಗಿಗೆ ಒಂದು ಹೋಳಿಗೆ ಹೆಚ್ಚು ಬಿದ್ದಿತು.

ಬಿಲ್ಲಿನ ವ್ಯಾಜ್ಯವು ಇನ್ನೂ ಉಳಿದಿತ್ತು. ಜಗಳದ ಮೂಲವೇ ಅದು. ಬಿಲ್ಲಿನ ಬಲವನ್ನು ಕಡಿಮೆ ಮಾಡೋಣವೆಂದರೆ ಅರ್ಜುನನು ಒಪ್ಪನು. ಬಾಣ ನಟ್ಟರೆ ಸೊಳ್ಳೆ ಕಚ್ಚಿದಷ್ಟು ಎಂದರೆ ಅದು ಗಾಂಡೀವಕ್ಕೇ ಅವಮಾನ. ಕೊನೆಗೆ ಬಿಲ್ಲನ್ನು ಮುಟ್ಟದೆ ನೆಲವನ್ನು ಅಳೆದೆವು. ಪಡಸಾಲೆಯ ಫರಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಮನೆಗಳನ್ನು ಬರೆದೆವು. ಬಾಣವು ಗದೆಯಂತೆಯೇ ಮೂರು ಅಥವಾ ನಾಲ್ಕು ಸಿಂಹಕ್ಕೆ ತಾಗಿ ನಾಲ್ಕು ಬೀಜ ತೆಗೆಯಲಿ. ಆದರೆ ಎದುರಿನವನು ಎಸೆತಕ್ಕೆ ಒಂದು ಮನೆ ಮುಂದೆ ಬರುವನು. ಮೈಗೆ ಮೈ ಬಂದ ಮೇಲೆ ಬಿಲ್ಲು ಕೆಲಸಕ್ಕೆ ಬಾರದು. ಬಿಲ್ಲುಗಾರನು ಚೂರಿ ತೆಗೆಯಬೇಕು. ಅದು ಕತ್ತಿಯಂತೆ ತಾಗಿದರೂ ಒಂದೇ ಬೀಜ ತೆಗೆಯುವದು. ಹತ್ತು ಮನೆ ದೂರವಿಟ್ಟರೆ ಬಾಣಗಳು ಸರಾಸರಿ ಹನ್ನೆರಡೂವರೆ ಬೀಜ ತೆಗೆಯುವವು. ಅಂದರೆ ಭೀಮನು ಬರುವಷ್ಟರಲ್ಲಿ ಪ್ರಾಣ ಮುಗಿಯಿತು. ಅರ್ಜುನನ 'ನೂರು ಮಾರಿನ' ವಾದವು ಇದೇ. ಮೂರು ಮನೆಯಿಟ್ಟರೆ ಬಾಣದಿಂದ ನಾಲ್ಕು ಬೀಜ ಸಹ ಹೋಗುವದಿಲ್ಲ. ಆ ಮೇಲೆ ಚೂರಿಯು ಗದೆಯ ಮುಂದೆ ನಿಲ್ಲದು. ಐದು ಮನೆಯಿಟ್ಟರೆ ಬಾಣದಿಂದ ಆರೂಕಾಲು, ಗದೆಯು ತನ್ನ ಕೆಲಸ ಮುಗಿಸುವಷ್ಟರಲ್ಲಿ ಚೂರಿಯಿಂದ ಆರು, ಕೂಡಿ ಹನ್ನೆರಡೂಕಾಲು. ಪ್ರಾಣವೋ ಹನ್ನೆರಡು. ಇದಕ್ಕಿಂತ ಸಮೀಪದ ತೂಕವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿಯೇ ಹುಡುಕಬೇಕು. ಬಯಲಿನಲ್ಲಿ ಬಿಲ್ಲು ಗೆಲ್ಲಲಿ, ಮನೆಯೊಳಗೆ ಗದೆ ಗೆಲ್ಲಲಿ, ಐದು ಮನೆಯ ಅಂಗಳದಲ್ಲಿ ಇಬ್ಬರೂ ಕಾದಲಿ ಎಂದು ತೀರ್ಪಿತ್ತೆವು. ಇಬ್ಬರೂ ಒಪ್ಪಿದರು. ಒಪ್ಪಿಗೆಯನ್ನು ಆಟಕ್ಕೆ ಮೊದಲು ಗಟ್ಟಿಯಾಗಿ ಬಾಯಿಂದ ಹೇಳಿಸುವ ಪದ್ಧತಿಯನ್ನೂ ಇಟ್ಟೆವು, ಭೀಷ್ಮಪರ್ವದಲ್ಲಿಯಂತೆ.

ಮೈಗೆ ಮೈ ಬಂದ ಮೇಲೆ ಮೊದಲು ಎಸೆಯುವವನು ಯಾರೆಂಬ ಜಗಳಕ್ಕೆ ಇಬ್ಬರೂ ಕೂಡಿಯೇ ಎಸೆಯುವದು, ಆ ಮೇಲೆ ಬೀಜ ತೆಗೆಯುವದು ಎಂದು ಗೊತ್ತುಮಾಡಿದೆವು. ಹೀಗಾದರೆ ಒಮ್ಮೊಮ್ಮೆ ಇಬ್ಬರೂ ಸಾಯುವರು. ಅದು ಹೇಗೆ ಸಾಧ್ಯವೆಂದು ಹಿರಿಯವನು ಹಟ ಹಿಡಿದನು. ಕಥೆಯಲ್ಲಿ ಒಬ್ಬನು ಗೆಲ್ಲಲೇಬೇಕೆಂಬದು ಅವನ ಮತ. ಅವನಿಗೆ ಊರೂರಿನ ವೀರಗಲ್ಲುಗಳ ಮಾತು ಹೇಳಿದೆವು. ಕೆಳಗಿನ ಹಲಿಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವದು, ಮೇಲೆ ದೇವಸನ್ನಿಧಿ. ಸತ್ತವನ ಹೆಸರಿನಲ್ಲಿಯೇ ಕಲ್ಲು ನಿಲ್ಲುವದು; ಕೊಂದವನೂ ಉಳಿದನೋ ಇಲ್ಲವೋ ಎಂಬದನ್ನು ಕಲ್ಲು ಹೇಳುವದಿಲ್ಲ. ಅಂದಿನಿಂದ ಇಬ್ಬರೂ ಸತ್ತ ಆಟವಾದರೆ ಮಕ್ಕಳು ಅಂಗಳದಲ್ಲಿ ಎರಡು ಬೆಣಚುಕಲ್ಲು ನೆಡುತ್ತಾರೆ. ಈಗಾಗಲೇ ತುಳಸಿಕಟ್ಟೆಯ ಸುತ್ತ ಕಾಲಿಡಲು ಸ್ಥಳವಿಲ್ಲವೆಂದು ಮನೆಯಾಕೆಯ ದೂರು ಬಂದಿದೆ.

ಮೊಮ್ಮಗಳು ಕೇಳಿದ ಮತ್ತೊಂದು ಪ್ರಶ್ನೆಗೆ ಮಾತ್ರ ನಮ್ಮಿಂದ ಉತ್ತರ ಹೊರಡಲಿಲ್ಲ. ಗದಾಯುದ್ಧದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯತಕ್ಕದ್ದಲ್ಲವೆಂಬ ಕಟ್ಟಳೆಯನ್ನು ಹೇಳಿ, ಭೀಮನು ತೊಡೆ ಮುರಿದದ್ದನ್ನೂ ಬಲರಾಮನು ನೇಗಿಲೆತ್ತಿದ್ದನ್ನೂ ಹೇಳಿದೆವು. "ಹಂಗಾರ ನಾ ತೊಡಿಗೆ ಹೊಡೀಲ್ಯಾ ಬ್ಯಾಡಾ?" ಎಂದಳು. ಮೂವತ್ತು ವರ್ಷ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳಿದವರು ನಾವು. 'ಅಣ್ಣನನ್ನು ಕೇಳಿ ನೋಡು' ಎಂದು ಜಾರಿಕೊಂಡೆವು. ಅಣ್ಣನು 'ನೀ ತೊಡಿಗೆ ಹೊಡದರ ನಾನೂ ನಿನ್ನ ಬೆನ್ನಿಗೆ ಬಾಣ ಬಿಡಾವ' ಎಂದನಂತೆ. ಇಬ್ಬರೂ ಬೇಡವೆಂದು ತೀರ್ಮಾನಿಸಿಕೊಂಡರಂತೆ. ನಾವು ಕೇಳಲಿಕ್ಕೆ ಹೋಗಲಿಲ್ಲ.

ಹುಬ್ಬಿನ ಮೇಲೆ ಹೊಲಿಗೆ ಬಿದ್ದ ಓಣಿಯ ಹುಡುಗನೂ ಈಗ ದಿನಾಲು ಬರುತ್ತಿದ್ದಾನೆ. ಅವನಿಗೆ ಕತ್ತಿಯೂ ಬೇಡ, ಗದೆಯೂ ಬೇಡ, ಢಾಲು ಬೇಕಂತೆ. ಢಾಲು ಹಿಡಿದವನಿಗೆ ತಾಗಿದ ಪೆಟ್ಟಿನಲ್ಲಿ ಒಂದು ಬೀಜ ಉಳಿಯಲಿ ಎಂದು ನಾವು ಹೇಳಿದ ಕೂಡಲೆ ಮೊಮ್ಮಗಳು ಬೆರಳು ಮಡಿಚಿ ಎಣಿಸತೊಡಗಿದಳು: ಕತ್ತಿಯ ಎರಡರಲ್ಲಿ ಒಂದು ಹೋದರೆ ಅರ್ಧವೇ ಹೋಯಿತು, ಗದೆಯ ನಾಲ್ಕರಲ್ಲಿ ಒಂದು ಹೋದರೆ ಕಾಲುಪಾಲು ಮಾತ್ರ. "ಇದು ನನಗ ಭಾಳ ಛಲೋ ಐತಿ ಅಜ್ಜಾ," ಎಂದು ನಕ್ಕಳು. ಮರುಗಳಿಗೆಗೆ ನಿಪ್ಪಾಣಿಯವನ ಮುಖ ನೋಡಿ, "ಆದರ ಅಂವಾ ಒಪ್ಪೂದಿಲ್ಲ ಬಿಡು," ಎಂದಳು. ಢಾಲಿನ ಲೆಕ್ಕ ಇನ್ನೂ ಕೂಡಿಲ್ಲ. ಕಾಗದವು ನಮ್ಮ ಮೇಜಿನ ಮೇಲೆಯೇ ಇದೆ. ರಜೆ ಮುಗಿಯಲು ಇನ್ನು ಎಂಟು ದಿನ.